ಚಿಗರಿ ಕಾಡು ಹೊಕ್ಕ 84 ತಾಸು: ಒಂದು ಪ್ರಕರಣ ಅಧ್ಯಯನ

ಎಳ್ಳ ಅಮಾವಾಸ್ಯೆಯ ಹಿಂದಿನ ಸಂಜೆ ನಮ್ಮ ನಾಯಿ ಚಿಗರಿ ಕಾಣೆಯಾಯಿತು. ಸಿಕ್ಕಿದ್ದು ನಾಲ್ಕನೇ ದಿನ ಬೆಳಗಿನ ಜಾವ. ನಡುವೆ 84 ತಾಸು. ಅದರಲ್ಲಿ ಮೊದಲ 36 ತಾಸು ನಾವು ಹುಡುಕುತ್ತಿದ್ದೇವೆ ಅಂದುಕೊಂಡು ಅದನ್ನು ಇನ್ನಷ್ಟು ದೂರ ಓಡಿಸುತ್ತಿದ್ದೆವು. ಇದು ಗೊತ್ತಾಗಲು ನನಗೆ ಎರಡು ರಾತ್ರಿ ಬೇಕಾಯಿತು. ಬೇಟೆ ತಳಿಯ ಎಳೇ ನಾಯಿ ಸಾಕಿದವರಿಗೆ, ಅದರಲ್ಲೂ ಕಾಡಂಚಿನ ಹೊಲದವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾಯಿ, ಹೊಲ, ಕಾಡು

ಚಿಗರಿಗೆ ಆಗ 10 ತಿಂಗಳು. ಹೆಣ್ಣು ಮುಧೋಳ. ಗೋಧಿ ಬಣ್ಣ, ಎದೆಯ ಮೇಲೆ ಅಂಗೈಯಷ್ಟು ಬಿಳಿ ಮಚ್ಚೆ. ತೂಕ 20 ಕೆಜಿ. ಮರಿಯಾಗಿದ್ದಾಗಲೇ ನಾಲ್ಕೂ ಕಾಲು ಎತ್ತಿ ನೆಗೆಯುತ್ತಿತ್ತು. ಅದಕ್ಕೇ ಅಣ್ಣನ ಮಗ ಚಿಗರಿ ಅಂತ ಹೆಸರಿಟ್ಟ. ನಮ್ಮ ಕಡೆ ಚಿಗರಿ ಅಂದರೆ ಕೃಷ್ಣಮೃಗ.

ಮುಧೋಳ ಬಾಗಲಕೋಟೆ ಜಿಲ್ಲೆಯ ಊರು. ಅಲ್ಲಿನ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ ಬೇಟೆ ತಳಿ ಇದು. 2005ರಲ್ಲಿ ಇದರ ಚಿತ್ರದ ಅಂಚೆಚೀಟಿಯೂ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಒಂದು ಸಂಶೋಧನಾ ಕೇಂದ್ರ ಇದೆ. ಅದನ್ನು ನಡೆಸುವುದು ನಮ್ಮ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಹೆಸರು, ಕೀರ್ತಿ ನೋಡಿ ನಾಯಿ ತಂದೆ. ಅದರ ಸ್ವಭಾವ ಸರಿಯಾಗಿ ತಿಳಿದುಕೊಳ್ಳದೆ ತಂದೆ. ಮುಧೋಳ ಮೂಸಿಕೊಂಡು ಹೋಗಿ ಬೇಟೆಯಾಡುವ ನಾಯಿ ಅಲ್ಲ. ಕಣ್ಣಿಂದ ನೋಡಿ ಬೆನ್ನಟ್ಟುವ ನಾಯಿ. ಓಡುವುದು ಏನಾದರೂ ಕಣ್ಣಿಗೆ ಬಿತ್ತೋ, ಕಿವಿ ಮುಚ್ಚಿದಂತೆಯೇ. ನಾವು ಒಂದು ಸಲ ಕೂಗಿ ಇನ್ನೊಂದು ಸಲ ಕೂಗುವಷ್ಟರಲ್ಲಿ ಹೊಲದ ಆಚೆ ಬದು ದಾಟಿರುತ್ತದೆ. ದೊಡ್ಡ ಮುಧೋಳ ಎಷ್ಟೋ ಸಲ ಓಡಿ ತನ್ನ ನೆಲ ಗುರುತು ಮಾಡಿಕೊಂಡಿರುತ್ತದೆ. ಎಳೇದಕ್ಕೆ ಕಾಲಿನಲ್ಲಿ ವೇಗ ಬಂದಿರುತ್ತದೆ, ತಲೆಯಲ್ಲಿ ದಾರಿ ಬಂದಿರುವುದಿಲ್ಲ.

ನಮ್ಮ ಹೊಲ ಚಿಂಚೋಳಿ ತಾಲ್ಲೂಕಿನಲ್ಲಿ, ಕುಂಚಾವರಂ ಕಡೆಯ ಕಾಡಿಗೆ ಹತ್ತಿ ಇದೆ. ತೊಗರಿ, ಜೋಳ ನಮ್ಮ ಬೆಳೆ. ಆ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮ ಆಯಿತು. ವಿಸ್ತಾರ ಸುಮಾರು 135 ಚದರ ಕಿಲೋಮೀಟರ್. ಕಲಬುರಗಿ ಅಂದರೆ ಬಿಸಿಲು, ಎರೆ ನೆಲ ಅಂತಷ್ಟೇ ತಿಳಿದವರು ಇಲ್ಲಿಗೆ ಬಂದರೆ ಬೆರಗಾಗುತ್ತಾರೆ. ಕೆಂಪು ಮಣ್ಣಿನ ಗುಡ್ಡ, ತೇಗ, ಶ್ರೀಗಂಧ, ರಕ್ತಚಂದನ, ಒಳಗೆ ಚಂದ್ರಂಪಳ್ಳಿ ಜಲಾಶಯ. ತೋಳ, ಕತ್ತೆಕಿರುಬ, ನರಿ, ಮೊಲ, ಚಿಗರಿ, ಎಲ್ಲಾ ಇವೆ. ಕಾಡುಹಂದಿಯ ಕಾಟವಂತೂ ಹೇಳಬೇಕಿಲ್ಲ. ತೊಗರಿ ಕಾಯಿ ಕಟ್ಟಿದ ಮೇಲೆ ಒಂದು ರಾತ್ರಿ ಕಣ್ಣು ಮುಚ್ಚಿದರೆ ಅರ್ಧ ಎಕರೆ ಹೋಯಿತು ಅಂತಲೇ ಲೆಕ್ಕ.

ನಾಯಿ ತಂದದ್ದು ಹೊಲ ಕಾಯಲಿಕ್ಕೆ, ಬೇಟೆಗಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಕೊಂದರೆ ಮಾತ್ರ ಬೇಟೆ ಅಂತಲ್ಲ, ಬೆನ್ನಟ್ಟುವುದು, ಓಡಿಸುವುದು, ಉರುಳು ಹಾಕುವುದು ಎಲ್ಲವೂ ಬೇಟೆಯ ಲೆಕ್ಕಕ್ಕೇ ಬರುತ್ತವೆ. ನಾಯಿ ಬಿಟ್ಟು ಮೊಲ ಓಡಿಸುವ ಹವ್ಯಾಸ ಇನ್ನೂ ಕೆಲವರಿಗೆ ಇದೆ. ಅದು ತಪ್ಪು. ಕಾನೂನಿಗೆ ಅಂಜಿ ಹೇಳುವ ಮಾತಲ್ಲ ಇದು. ಆ ಕಾಡಿನಲ್ಲಿ ಉಳಿದಿರುವುದೇ ಇಷ್ಟು, ಅಲ್ವಾ?

ಆ ಸಂಜೆ

ಸುಮಾರು ಆರು ಗಂಟೆ. ಮರುದಿನ ಎಳ್ಳಮಾಸಿ. ಹೊಲದಲ್ಲಿ ಪೂಜೆ ಮಾಡಿ ಚರಗ, ಅಂದರೆ ಹಬ್ಬದ ಅಡುಗೆಯ ಎಡೆ, ಹೊಲಕ್ಕೆ ಚೆಲ್ಲುವ ಹಬ್ಬ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬರುತ್ತದೆ. ನಾನು, ಅಣ್ಣನ ಮಗ ಬನ್ನಿ ಗಿಡದ ಕೆಳಗೆ ಜಾಗ ಹಸನು ಮಾಡುತ್ತಿದ್ದೆವು. ಚಿಗರಿಯ ಹಗ್ಗ ಬಿಚ್ಚಿದ್ದೆ. ಅದು ನನ್ನ ಮೊದಲ ತಪ್ಪು. ಬೆಳಕು ಇಳಿಯುವ ಹೊತ್ತಿಗೇ ಮೊಲಗಳು ಮೇಯಲು ಹೊರಗೆ ಬರುತ್ತವೆ. ಗೊತ್ತಿದ್ದೂ ಬಿಚ್ಚಿದೆ.

ಜೋಳದ ಸಾಲಿನಿಂದ ಒಂದು ಮೊಲ ಜಿಗಿಯಿತು. ಚಿಗರಿ ಹಾರಿತು. ಇಷ್ಟೇ ಆಗಿದ್ದರೆ ಮೊಲ ಪೊದೆ ಹೊಕ್ಕ ಮೇಲೆ ಹತ್ತು ನಿಮಿಷಕ್ಕೆ ನಾಲಿಗೆ ಚಾಚಿಕೊಂಡು ವಾಪಸ್ ಬರುತ್ತಿತ್ತು. ಹಿಂದೆ ಎರಡು ಸಲ ಹಾಗೇ ಬಂದಿತ್ತು. ಆದರೆ ಅದು ಕಾಡಿನ ಅಂಚು ಮುಟ್ಟುವುದಕ್ಕೂ ಬಾಜು ಹೊಲದ ಕಾಕಾ ಹಂದಿ ಬೆದರಿಸಲು ಪಟಾಕಿ ಹಚ್ಚುವುದಕ್ಕೂ ಸರಿಹೋಯಿತು. ದೊಡ್ಡ ಪಟಾಕಿ. ಗುಡ್ಡಕ್ಕೆ ಬಡಿದು ಸದ್ದು ಎರಡು ಸಲ ಬಂತು. ಕಾಕಾ ದಿನಾ ಹಚ್ಚುತ್ತಾರೆ, ಅವರದು ಏನೂ ತಪ್ಪಿಲ್ಲ. ಚಿಗರಿ ಅಷ್ಟು ಹತ್ತಿರದಲ್ಲಿ ಆ ಸದ್ದು ಕೇಳಿದ್ದು ಅದೇ ಮೊದಲು.

ಬೆನ್ನಟ್ಟಿ ಹೋದ ನಾಯಿಯೇ ಬೇರೆ, ಅಂಜಿ ಹೋದ ನಾಯಿಯೇ ಬೇರೆ. ಬೆನ್ನಟ್ಟಿ ಹೋದದ್ದಕ್ಕೆ ಮನೆ ನೆನಪಿರುತ್ತದೆ. ಅಂಜಿ ಹೋದದ್ದು ಮೊದಲು ಬಚ್ಚಿಟ್ಟುಕೊಳ್ಳುತ್ತದೆ. ಕರೆದರೂ ಬೊಗಳುವುದಿಲ್ಲ. ಚಿಗರಿಗೆ ಒಂದೇ ಗಳಿಗೆಯಲ್ಲಿ ಎರಡೂ ಆಯಿತು. ನಾವು ಮಾತ್ರ ಅದು ಮೊಲದ ಹಿಂದೆ ಹೋಗಿದೆ ಅಂತಲೇ ನಂಬಿ ಕೂತೆವು.

ಮೊದಲ ಎರಡು ದಿನ

ಆ ರಾತ್ರಿ ಎಂಟು ಜನ, ಐದು ಟಾರ್ಚ್, ಮೂರು ಬೈಕು. ಹಾರನ್ ಹೊಡೆದೆವು, ಸೀಟಿ ಊದಿದೆವು, ಗಂಟಲು ಕಟ್ಟುವ ತನಕ ಹೆಸರು ಕೂಗಿದೆವು. ಮುಗಿಲಲ್ಲಿ ಚಂದ್ರ ಇಲ್ಲ. ಟಾರ್ಚಿನ ಬೆಳಕು ಬಿದ್ದಲ್ಲಿ ಹಸಿರು ಕಣ್ಣು ಹೊಳೆದರೆ ಎದೆ ಧಸಕ್ ಅನ್ನುತ್ತಿತ್ತು. ಹತ್ತಿರ ಹೋದರೆ ನರಿ. ಹನ್ನೊಂದಕ್ಕೆ ಮನೆಗೆ ಬಂದೆವು. ಹೆಂಡತಿ ಸಜ್ಜೆ ಕಡಬು ಮಾಡಿ ಮುಚ್ಚಿಟ್ಟಿದ್ದಳು. ಯಾರೂ ಮುಟ್ಟಲಿಲ್ಲ.

ಬೆಳಗಾದ ಕೂಡಲೇ ಮಾಡಿದ ಒಂದು ಕೆಲಸ ಮಾತ್ರ ಸರಿ ಇತ್ತು. ಸುತ್ತಲಿನ ಬಾವಿಗಳನ್ನೆಲ್ಲ ಇಣುಕಿ ನೋಡಿದೆವು. ನಮ್ಮ ಕಡೆ ಕಟ್ಟೆ ಇಲ್ಲದ ಹಳೇ ಬಾವಿ ಜಾಸ್ತಿ. ಕತ್ತಲಲ್ಲಿ ಓಡುವ ನಾಯಿಗೆ ಅದಕ್ಕಿಂತ ದೊಡ್ಡ ಗಂಡಾಂತರ ಇಲ್ಲ. ಏಳು ಬಾವಿ ನೋಡಿದೆವು, ಯಾವುದರಲ್ಲೂ ಇರಲಿಲ್ಲ. ಪ್ರತಿ ಬಾವಿಗೂ ಬಗ್ಗುವ ಮುಂಚೆ ಅಣ್ಣನ ಮಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಆಮೇಲೆ ಊರ ಹುಡುಗರು ಬಂದರು. ಇಪ್ಪತ್ತು ಜನ ಸಾಲಾಗಿ ನಿಂತು ಕಾಡಂಚಿನ ಕುರುಚಲನ್ನು ಜಾಲಾಡೋಣ ಅಂದರು. ಪ್ರೀತಿಯಿಂದಲೇ ಬಂದಿದ್ದರು, ಹಬ್ಬ ಬಿಟ್ಟು ಬಂದಿದ್ದರು. ನಾನೂ ಹೂಂ ಅಂದೆ. ಹಳೇ ಕಾಲದಲ್ಲಿ ಬೇಟೆಗೆ ಸೋಹುವುದು ಅನ್ನುತ್ತಿದ್ದರಲ್ಲ, ನಾವು ಮಾಡಿದ್ದು ಅದೇ. ಸದ್ದು ಮಾಡುತ್ತಾ ಸಾಲಾಗಿ ನಡೆದು ಒಳಗಿರುವ ಪ್ರಾಣಿಯನ್ನು ಮುಂದಕ್ಕೆ ನೂಕುವುದು. ಮಧ್ಯಾಹ್ನ ಮೂರಕ್ಕೆ ಫೋನ್ ಬಂತು. ನಾಲ್ಕು ಕಿಲೋಮೀಟರ್ ಆಚೆ ಟಾರು ರಸ್ತೆ ದಾಟುವಾಗ ಗೋಧಿ ಬಣ್ಣದ ಸಪೂರ ನಾಯಿಯೊಂದನ್ನು ತಾಂಡಾದ ಹುಡುಗನೊಬ್ಬ ನೋಡಿದ್ದ. ನಾವೇ ಅದನ್ನು ಅಲ್ಲಿಗೆ ಮುಟ್ಟಿಸಿದ್ದೆವು.

ಅರಣ್ಯ ಇಲಾಖೆಯ ಗಸ್ತಿನವರಿಗೆ ಮೊದಲೇ ತಿಳಿಸಬೇಕಿತ್ತು. ವನ್ಯಜೀವಿಧಾಮದ ಒಳಗೆ ಸುಮ್ನೆ ನುಗ್ಗುವ ಹಾಗಿಲ್ಲ. ಅದರ ಜೊತೆಗೆ ಇನ್ನೊಂದು ಅಪಾಯ ನನಗೆ ಹೊಳೆದೇ ಇರಲಿಲ್ಲ. ಕಾಡಂಚಿನಲ್ಲಿ ಇಪ್ಪತ್ತು ಜನ ಬಡಿಗೆ ಹಿಡಿದು "ಚಿಗರೀ, ಚಿಗರೀ" ಅಂತ ಕೂಗಿದರೆ ಕೇಳಿದವರು ಏನು ತಿಳಿಯಬೇಕು? ಗಸ್ತಿನವರು ಬಂದು ನಿಲ್ಲಿಸಿ ಕೇಳಿದರು. ನಿಜ ಹೇಳಿ ಫೋಟೊ ತೋರಿಸಿದೆ. ಬೈಯಲಿಲ್ಲ. ಒಳಗೆ ನಾವು ನೋಡಿಕೊಳ್ಳುತ್ತೇವೆ, ನೀವು ಅಂಚಿನಲ್ಲೇ ಇರಿ ಅಂದರು. ಮರುದಿನ ಅವರೇ ಒಂದು ಉರುಳು ಕಿತ್ತು ತಂದು ತೋರಿಸಿದರು. ಬೈಕಿನ ಕ್ಲಚ್ ವೈರಿನದು. ಹಂದಿಗೆ ಹಾಕಿದ್ದು. ಬೆರಳು ತೂರಿಸಿ ಎಳೆದು ನೋಡಿದೆ. ಎಳೆದಷ್ಟೂ ಬಿಗಿಯುತ್ತಿತ್ತು, ಬಿಟ್ಟರೂ ಸಡಿಲ ಆಗಲಿಲ್ಲ. ಆ ರಾತ್ರಿ ಕಣ್ಣು ಮುಚ್ಚಿದರೆ ಅದೇ ವೈರು.

ಸುದ್ದಿ ಹರಡುವ ಕೆಲಸ ಅಣ್ಣನ ಮಗನದು. ಅದನ್ನು ಚೆನ್ನಾಗಿ ಮಾಡಿದ. ಅತ್ತ ತೆಲಂಗಾಣದ ಗಡಿ, ಇತ್ತ ಲಂಬಾಣಿ ತಾಂಡಾಗಳು. ಅದಕ್ಕೇ ಕನ್ನಡ, ತೆಲುಗು, ಲಂಬಾಣಿ ಮೂರರಲ್ಲೂ ದನಿ ಮುದ್ರಿಸಿ ವಾಟ್ಸಾಪ್‌ನಲ್ಲಿ ಕಳಿಸಿದ. ಅದರಲ್ಲಿ ಒಂದು ಮಾತು ಸೇರಿಸಲು ಹೆಂಡತಿ ಹೇಳಿದಳು: "ಇದು ಹುಚ್ಚುನಾಯಿ ಅಲ್ಲ, ರೇಬೀಸ್ ಲಸಿಕೆ ಆಗ್ಯದ, ಕಲ್ಲು ಹೊಡಿಬ್ಯಾಡ್ರಿ." ಆ ಒಂದು ಮಾತೇ ಚಿಗರಿಯ ಜೀವ ಉಳಿಸಿರಬೇಕು ಅಂತ ಈಗಲೂ ನಂಬುತ್ತೇನೆ. ಹಸಿದು ಸೊರಗಿ ಕುಂಟುವ ನಾಯಿ ಊರ ಹತ್ತಿರ ಬಂದರೆ ಜನ ಬಡಿಗೆ ತೆಗೆದುಕೊಳ್ಳುತ್ತಾರೆ. ಮಕ್ಕಳಿರುವ ಮನೆಯವರು ಅಂಜುವುದು ಸಹಜವೇ. ಬೆನ್ನಟ್ಟಬೇಡಿ, ನೋಡಿದ ಜಾಗ ಮತ್ತು ಹೊತ್ತು ಮಾತ್ರ ಹೇಳಿ ಅಂತಲೂ ಸೇರಿಸಬೇಕಿತ್ತು. ಅದು ಹೊಳೆದದ್ದು ಮೂರನೇ ದಿನ.

ನನ್ನನ್ನೇ ನೋಡಿ ಓಡಿದ್ದು

ಎಳ್ಳಮಾಸಿಯ ಮರುದಿನ ಮುಂಜಾನೆ ಹಳ್ಳದ ಹತ್ತಿರ ನಾನೇ ಚಿಗರಿಯನ್ನು ನೋಡಿದೆ. ನೂರೈವತ್ತು ಹೆಜ್ಜೆ ದೂರ. ನೀರು ಕುಡಿಯುತ್ತಿತ್ತು. ಹೊಟ್ಟೆ ಬೆನ್ನಿಗೆ ಅಂಟಿತ್ತು. ತಡೆಯಲು ಆಗಲಿಲ್ಲ. ಎದ್ದು ನಿಂತು ಕೈ ಬೀಸಿ "ಚಿಗರೀ" ಅಂದೆ, ಓಡಿದೆ.

ತಲೆ ಎತ್ತಿ ನೋಡಿತು. ನೇರ ನನ್ನನ್ನೇ ನೋಡಿತು. ಬಾಲ ಹೊಟ್ಟೆಯ ಕೆಳಗೆ ಸೇರಿಸಿತು. ತಿರುಗಿ ಗುಡ್ಡ ಹತ್ತಿ ಮಾಯವಾಯಿತು.

ಎದೆಯ ಮೇಲೆ ಮಲಗಿಸಿಕೊಂಡು ಬೆಳೆಸಿದ ನಾಯಿ ಅದು. ಹಳ್ಳದ ಮರಳಿನ ಮೇಲೆ ಕೂತುಬಿಟ್ಟೆ. ಕುರಿ ಹಟ್ಟಿಯ ಮುತ್ಯಾ ಅಲ್ಲೇ ಕುರಿಗೆ ನೀರು ಕುಡಿಸಲು ಬಂದಿದ್ದರು. ಎಲ್ಲಾ ನೋಡಿದ್ದರು. ಹತ್ತಿರ ಬಂದು ಕೂತರು.

"ತಮ್ಮಾ, ಅದಕ್ಕ ಅಂಜಿಕಿ ಹಿಡದದ. ಈಗ ಅದಕ್ಕ ನೀ ಯಾರೂ ಅಲ್ಲ. ಓಡಿ ಬರೂ ಮನಿಷಾ, ಅಷ್ಟೇ. ನೀ ಬೆನ್ನ ಹತ್ತಿದಷ್ಟು ದೂರ ಹೋಗ್ತದ. ಎಲ್ಲಿ ಕಳದದ ಅಲ್ಲೇ ಹೋಗಿ ಕೂಡು. ನಿನ್ನ ಹಾಸಿಗಿ ಹಾಸು. ವಾಸನಿ ಹಿಡದು ತಾನೇ ಬರ್ತದ."

ಆಮೇಲೆ ಮರಳಿನ ಮೇಲಿನ ಹೆಜ್ಜೆ ತೋರಿಸಿದರು. ಚಿಗರಿಯದು ಉದ್ದನೆಯ ಹೆಜ್ಜೆ, ನಡುವಿನ ಎರಡು ಬೆರಳು ಮುಂದೆ. ಊರ ನಾಯಿಯದು ಇನ್ನಷ್ಟು ದುಂಡಗೆ. ಅಲ್ಲೇ ಬದಿಯಲ್ಲಿ ಕತ್ತೆಕಿರುಬದ ಹೆಜ್ಜೆ ಇತ್ತು, ಮುಂಗಾಲಿನದು ದೊಡ್ಡದು, ಹಿಂಗಾಲಿನದು ಚಿಕ್ಕದು. ಚಿಗರಿಯ ಹೆಜ್ಜೆಗಳಲ್ಲಿ ಕೆಲವು ಹಳೆಯವು, ಅಂಚು ಉದುರಿದ್ದವು. ಕೆಲವು ಹೊಸವು. ಅಂದರೆ ಅದು ಇದೇ ಹಳ್ಳಕ್ಕೆ ಎರಡು ಸಲ ಬಂದಿದೆ. ನಾಲ್ಕು ಕಿಲೋಮೀಟರ್ ಆಚೆ ಹೋದದ್ದು ರಾತ್ರಿ ತಿರುಗಿ ಬಂದಿದೆ. ಈ ಹಳ್ಳ ನಮ್ಮ ಹೊಲದಿಂದ ಒಂದೂವರೆ ಕಿಲೋಮೀಟರ್.

ಅಲ್ಲಿಗೆ ಹುಡುಕಾಟ ನಿಲ್ಲಿಸಿದೆ. ಎಲ್ಲರಿಗೂ ಫೋನ್ ಮಾಡಿ ಬರಬೇಡಿ ಅಂದೆ. ಕಷ್ಟವಾಯಿತು. ಏನೂ ಮಾಡದೆ ಕೂತಿದ್ದಾನೆ ಅಂತ ಜನ ಅಂದುಕೊಂಡರು. ಅಣ್ಣನ ಮಗ ಎರಡು ತಾಸು ಮಾತಾಡಲಿಲ್ಲ.

ಕೌದಿ

ಹೆಂಡತಿಯ ತಾಯಿ ಹೊಲಿದುಕೊಟ್ಟ ಕೌದಿ ಒಂದಿದೆ. ಹಳೇ ಸೀರೆ, ಧೋತರದ ತುಂಡು ಸೇರಿಸಿ ಹೊಲಿದದ್ದು. ಒಂದು ಮೂಲೆಯಲ್ಲಿ ಹಸಿರು ಇಳಕಲ್ ಸೀರೆಯ ಅಂಚು. ಹೊಲದ ಗುಡಿಸಲಲ್ಲಿ ನಾನು ಹಾಸಿಕೊಳ್ಳುವುದು ಅದೇ. ಹೊಗೆ, ಬೆವರು, ತಲೆಗೆ ಹಚ್ಚುವ ಎಣ್ಣೆ, ಎಲ್ಲಾ ವಾಸನೆ ಅದಕ್ಕೆ ಹಿಡಿದಿತ್ತು. ಮರಿಯಾಗಿದ್ದಾಗ ಚಿಗರಿ ಆ ಹಸಿರು ಅಂಚನ್ನು ಬಾಯಲ್ಲಿ ಇಟ್ಟುಕೊಂಡೇ ನಿದ್ದೆ ಹೋಗುತ್ತಿತ್ತು. ಅಲ್ಲಿ ದಾರ ಕಿತ್ತು ಗುಂಜು ಬಂದಿದೆ.

ಸಂಜೆ ಅದನ್ನು ಬನ್ನಿ ಗಿಡದ ಕೆಳಗೆ, ಚಿಗರಿ ಹಾರಿ ಹೋದ ಜಾಗದಲ್ಲೇ ಹಾಸಿದೆ. ಪಕ್ಕದಲ್ಲಿ ನೀರಿನ ಮಡಕೆ. ಒಂದೇ ಒಂದು ರೊಟ್ಟಿ ಚೂರು ಮಾಡಿ ಇಟ್ಟೆ. ಜಾಸ್ತಿ ಇಟ್ಟರೆ ಹಂದಿ, ನರಿ ಬರುತ್ತವೆ, ಅಂಜಿದ ನಾಯಿ ಇನ್ನೂ ಅಂಜುತ್ತದೆ. ಸುತ್ತ ಎರಡು ಮಾರು ಜಾಗದ ಮಣ್ಣನ್ನು ಕೈಯಿಂದ ಸಣ್ಣಗೆ ಪುಡಿ ಮಾಡಿ ಸವರಿದೆ. ಬಂದ ಹೆಜ್ಜೆ ಮೂಡಲಿ ಅಂತ. ಕಾಕಾ ಆ ರಾತ್ರಿ ಪಟಾಕಿ ಹಚ್ಚಲಿಲ್ಲ. ನಾನು ಕೇಳಿರಲಿಲ್ಲ, ಅವರೇ ಬಿಟ್ಟರು. ಹಂದಿ ನುಗ್ಗಿ ಅವರ ತೊಗರಿ ಒಂದಿಷ್ಟು ಹಾಳು ಮಾಡಿತು. ಆ ಮಾತನ್ನು ಅವರು ಇವತ್ತಿಗೂ ಎತ್ತಿಲ್ಲ.

ಬೆಳಗ್ಗೆ ಹೋಗಿ ನೋಡಿದೆ. ಸವರಿದ ಮಣ್ಣಿನ ಮೇಲೆ ಉದ್ದನೆಯ ಹೆಜ್ಜೆ. ಒಂದು ಸುತ್ತು ಹೊರಗೆ, ಒಂದು ಸುತ್ತು ಒಳಗೆ. ಕೌದಿಯ ನಡುವೆ ತಗ್ಗು, ನಾಲ್ಕೈದು ಗೋಧಿ ಬಣ್ಣದ ಕೂದಲು. ರೊಟ್ಟಿ ಹಾಗೇ ಇತ್ತು. ಹಬ್ಬದ ದಿನ ಎಲ್ಲಾ ಹೊಲಗಳಲ್ಲೂ ಚರಗ ಚೆಲ್ಲಿದ್ದರು. ಅದನ್ನೇ ತಿಂದುಕೊಂಡು ಉಸಿರು ಹಿಡಿದಿರಬೇಕು. ನಮ್ಮ ಹೊಲದಲ್ಲೂ ಹೆಂಡತಿ ಅಳುತ್ತಲೇ ಚರಗ ಚೆಲ್ಲಿದ್ದಳು. ಭೂಮಿತಾಯಿಗೆ ಅಂತ ಚೆಲ್ಲಿದ್ದು ಚಿಗರಿಗೂ ಮುಟ್ಟಿತು.

ಮೂರನೇ ದಿನ ರಾತ್ರಿ ಹತ್ತು ಗಂಟೆಗೆ ಹೋಗಿ ಕೌದಿಯಿಂದ ಇಪ್ಪತ್ತು ಹೆಜ್ಜೆ ದೂರ ಕೂತೆ. ಬೆಂಕಿ ಇಲ್ಲ, ಬೀಡಿ ಇಲ್ಲ, ಮೊಬೈಲ್ ಬಂದ್. ಎರಡು ಕಂಬಳಿ ಹೊದ್ದರೂ ಚಳಿ ಮೂಳೆಗೆ ಇಳಿಯುತ್ತಿತ್ತು. ಮುಧೋಳದ ಮೈಮೇಲೆ ಕೊಬ್ಬು ಕಡಿಮೆ, ಕೂದಲು ಗಿಡ್ಡ. ಆ ತೆಳು ಚರ್ಮದಲ್ಲಿ ಅದು ಈ ಚಳಿ ಹೇಗೆ ತಡೆಯುತ್ತಿದೆಯೋ ಅಂತ ಅದೇ ಫಿಕರ್.

ಆರಕ್ಕೆ ಸ್ವಲ್ಪ ಮುಂಚೆ, ಇನ್ನೂ ನಸುಕು. ಜೋಳದ ಸಾಲು ಅಲ್ಲಾಡಿತು. ನೋಡಬಾರದು ಅಂತ ಮುತ್ಯಾ ಹೇಳಿದ್ದರು. ಮಗ್ಗುಲು ತಿರುಗಿ ಕೂತು ನೆಲ ನೋಡುತ್ತಾ ಜೇಬಿನಲ್ಲಿದ್ದ ರೊಟ್ಟಿ ಮುರಿದೆ. ಚಟ್ ಅಂತ ಸದ್ದು. ದಿನಾ ಬೆಳಗ್ಗೆ ನಾನು ತಿನ್ನುವಾಗ ಅದಕ್ಕೆ ಕೇಳುತ್ತಿದ್ದ ಸದ್ದು ಅದು. ಕರೆಯಲಿಲ್ಲ. ಸುಮ್ನೆ ಮುರಿದು ಬಾಯಿಗೆ ಹಾಕಿಕೊಂಡೆ. ಇನ್ನೊಂದು ಚೂರು ಪಕ್ಕಕ್ಕೆ ಇಟ್ಟೆ. ಚಿಗರಿ ನೇರ ಬರಲಿಲ್ಲ. ದೊಡ್ಡ ಸುತ್ತು ಹಾಕಿ ಗಾಳಿ ನನ್ನಿಂದ ಅದರ ಕಡೆ ಬೀಸುವ ಜಾಗಕ್ಕೆ ಹೋಗಿ ನಿಂತಿತು. ಮೂಗು ಮೇಲೆತ್ತಿತು. ಎಷ್ಟು ಹೊತ್ತು ಅಂತ ಹೇಳಲಾರೆ.

ಆಮೇಲೆ ಒಂದು ಸಣ್ಣ ಕುಂಯ್ ಅನ್ನುವ ದನಿ ಬಂತು. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ತೆವಳುತ್ತಾ ಬಂದು ನನ್ನ ತೊಡೆಯ ಕೆಳಗೆ ತಲೆ ತೂರಿಸಿತು. ಮೈ ಗಡಗಡ ನಡುಗುತ್ತಿತ್ತು. ನಿಧಾನವಾಗಿ ಬೆಲ್ಟಿಗೆ ಹಗ್ಗ ಸಿಕ್ಕಿಸಿದ ಮೇಲೆಯೇ ಅದರ ಹೆಸರು ಹೇಳಿದೆ.

ಆಸ್ಪತ್ರೆಯಲ್ಲಿ, ಆಮೇಲೆ

ತೂಕ ಹದಿನೇಳೂವರೆ ಕೆಜಿ. ಎಡ ತೊಡೆಯಲ್ಲಿ ಬೇಲಿ ತಂತಿ ಹರಿದ ಮೂರು ಇಂಚಿನ ಗಾಯ, ಮುಂಗಾಲಿನಲ್ಲಿ ಜಾಲಿ ಮುಳ್ಳು, ಕಿವಿಯ ಹಿಂದೆ ಉಣ್ಣೆ ಹುಳು ಕಿಕ್ಕಿರಿದಿದ್ದವು. ಪಶು ವೈದ್ಯರು ಪೂರ್ತಿ ಎಚ್ಚರ ತಪ್ಪಿಸದೆ, ಗಾಯದ ಸುತ್ತ ಮಾತ್ರ ಮರಗಟ್ಟಿಸಿ ಹೊಲಿಗೆ ಹಾಕಿದರು. ಈ ಜಾತಿಯ ಸಪೂರ ನಾಯಿಗಳಿಗೆ ಕೆಲವು ಮತ್ತಿನ ಔಷಧ ಬೇಗ ಇಳಿಯುವುದಿಲ್ಲವಂತೆ, ಮುಧೋಳ ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು ಅಂದರು. ಹಿಂದೆ ಲಸಿಕೆ ಆಗಿದ್ದರೂ, ಕಾಡಿನಲ್ಲಿ ಯಾವ ಪ್ರಾಣಿ ಕಚ್ಚಿದೆಯೋ ಗೊತ್ತಿಲ್ಲ ಅಂತ ರೇಬೀಸ್ ಲಸಿಕೆ ಮತ್ತೊಮ್ಮೆ ಕೊಟ್ಟರು. ಹಸಿದಿದೆ ಅಂತ ಒಮ್ಮೆಲೇ ತಿನ್ನಿಸಬೇಡಿ, ಸ್ವಲ್ಪ ಸ್ವಲ್ಪ ಐದಾರು ಸಲ ಕೊಡಿ ಅಂದರು. ಮುಂದಿನ ಎರಡು ಮೂರು ವಾರ ಜ್ವರ, ಒಸಡು ಬಿಳಚುವುದು, ಮೂಗಿನಲ್ಲಿ ರಕ್ತ, ಇವುಗಳ ಮೇಲೆ ಕಣ್ಣಿಡಲು ಹೇಳಿದರು. ಉಣ್ಣೆಯಿಂದ ಬರುವ ಜ್ವರ ತಡವಾಗಿ ತೋರುತ್ತದೆ. ನಮ್ಮ ಪುಣ್ಯ, ಬರಲಿಲ್ಲ.

ಈಗ ಸಂಜೆ ಐದರ ಮೇಲೆ ಚಿಗರಿಯ ಹಗ್ಗ ಬಿಚ್ಚುವುದಿಲ್ಲ. ಹಗಲಲ್ಲೂ ಹತ್ತು ಮೀಟರ್ ಉದ್ದದ ಹಗ್ಗ ಇರುತ್ತದೆ, ನಮ್ಮ ಕಣ್ಣೆದುರೇ. ಬೆಲ್ಟಿನ ಒಳಗೆ ಮತ್ತು ಹೊರಗೆ ಫೋನ್ ನಂಬರ್ ಬರೆದಿದ್ದೇವೆ. ಜಾಗ ತೋರಿಸುವ ಯಂತ್ರದ ಬೆಲ್ಟ್ ತರಿಸು ಅಂದವರಿದ್ದಾರೆ. ಫೋನ್ ಸಿಗ್ನಲ್ ಇಲ್ಲದ ಕಡೆ ಅದರಲ್ಲಿ ಹೆಚ್ಚಿನವು ಕೆಲಸ ಮಾಡುವುದಿಲ್ಲ. ನಮ್ಮ ಗುಡ್ಡದ ಆಚೆ ಸಿಗ್ನಲ್ ಎಲ್ಲಿದೆ? ಅದರ ಬದಲು ದಿನಾ ಎರಡು ಹೊತ್ತು ಸೀಟಿ ಊದಿ ರೊಟ್ಟಿ ಕೊಡುತ್ತೇವೆ. ಮೊದಲು ಅಂಗಳದಲ್ಲಿ, ಆಮೇಲೆ ಹೊಲದಲ್ಲಿ, ಆಮೇಲೆ ಕುರಿ ಹಿಂಡು ಕಾಣುವ ಕಡೆ. ಕುರಿ ಕಂಡಾಗ ಈಗಲೂ ಹತ್ತಕ್ಕೆ ನಾಲ್ಕು ಸಲ ಮಾತ್ರ ತಿರುಗುತ್ತದೆ. ಅದಕ್ಕೇ ಹಗ್ಗ ಬಿಟ್ಟಿಲ್ಲ.

ಕೌದಿ ಗುಡಿಸಲಲ್ಲೇ ಇದೆ. ಹಬ್ಬಕ್ಕೆ ಒಗೆಯುತ್ತೇನೆ ಅಂತ ತೆಗೆದ ಹೆಂಡತಿ ಮೂಸಿ ನೋಡಿ ಹಾಗೇ ಮಡಚಿಟ್ಟಳು.

ಕಾಕಾ ಪಟಾಕಿ ಹಚ್ಚುವುದನ್ನು ಬಿಟ್ಟಿಲ್ಲ. ಬಿಟ್ಟರೆ ಹಂದಿ ಉಳಿಸುವುದಿಲ್ಲ. ಆದರೆ ಸಂಜೆಯಾದರೆ ಬದುವಿನ ಮೇಲೆ ನಿಂತು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗುತ್ತಾರೆ: "ಏ ತಮ್ಮಾ, ಚಿಗರಿ ಕಟ್ಟೀದೇನೋ?"

"ಕಟ್ಟೀನ್ರಿ ಕಾಕಾ, ಹಚ್ರಿ," ಅನ್ನುತ್ತೇನೆ. ಚಿಗರಿಯ ಎರಡೂ ಕಿವಿ ಅಂಗೈಯಿಂದ ಮುಚ್ಚಿ ಕೂರುತ್ತೇನೆ.